ಗಾಲಿ ಬಿಚ್ಚಿದ್ರೂ ಬ್ಯಾಂಕಿಗೆ ಅದು ಗಾಡೀನೇ: ಮೊಬೈಲ್ ಹೋಮ್ ಅಡ ಇಟ್ಟು ಸಾಲ ತಗೊಳೋದು ಇಷ್ಟು ಕಷ್ಟ ಯಾಕಾಯ್ತು?

ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಮೊಬೈಲ್ ಹೋಮ್‌ಗಳಲ್ಲಿ ಇದ್ದಾರೆ, ಅಂದ್ರೆ ಫ್ಯಾಕ್ಟರೀಲಿ ಕಟ್ಟಿ, ಲಾರಿ ಹಿಂದೆ ಎಳ್ಕೊಂಡು ಬಂದು ಇಳಿಸಿದ ಮನೆ. ಇವರಲ್ಲಿ ಯಾರಾದ್ರೂ ಕಂತೆಲ್ಲ ಕಟ್ಟಿ ಮುಗಿಸಿ, ಸೂರು ಸೋರ್ತಿದೆ ಅಂತಲೋ ಆಸ್ಪತ್ರೆ ಬಿಲ್ಲು ಬಂತು ಅಂತಲೋ ಅದೇ ಮನೆ ಮೇಲೆ ದುಡ್ಡು ಕೇಳಕ್ಕೆ ಹೋದ್ರೆ ಬ್ಯಾಂಕಿನವರು ಕೇಳೋ ಮೊದಲ ಪ್ರಶ್ನೆ ಮನೆ ಬಗ್ಗೆ ಇರಲ್ಲ, ಕೆಳಗಿರೋ ಜಾಗ ಯಾರದು ಅನ್ನೋದು. ಬಾಡಿಗೆ ಜಾಗ ಅಂದ್ರೆ ಮಾತು ಬಹುತೇಕ ಅಲ್ಲಿಗೇ ಮುಗೀತು. ಜಾಗ ಸ್ವಂತದ್ದೇ ಆಗಿದ್ರೂ ಕಾಗದ ಸರಿಯಿಲ್ಲ ಅಂತ ವಾಪಸ್ ಕಳಿಸಬಹುದು.

ಇದಕ್ಕೆ ಕಾರಣ ಆ ಕಾಗದದಲ್ಲೇ ಇದೆ. ಬಹಳಷ್ಟು ರಾಜ್ಯಗಳಲ್ಲಿ ಮೊಬೈಲ್ ಹೋಮ್ ಫ್ಯಾಕ್ಟರಿಯಿಂದ ಹೊರಗೆ ಬರುವಾಗ ಅದಕ್ಕೆ ಸಿಗೋದು ಮನೆಪತ್ರ ಅಲ್ಲ, ನಮ್ಮಲ್ಲಿ ಬೈಕಿಗೆ ಕೊಡೋ ಆರ್‌ಸಿ ಬುಕ್ ಥರದ್ದು, ಎಷ್ಟೋ ಕಡೆ ವಾಹನ ಇಲಾಖೆಯೇ ಕೊಡುತ್ತೆ. ಆ ಕಾಗದದ ಮೇಲೆ ಕೊಡೋ ಸಾಲಕ್ಕೆ ಅಲ್ಲಿ ಚಾಟಲ್ ಲೋನ್ ಅಂತಾರೆ, ಚರಾಸ್ತಿ ಸಾಲ. ಬಡ್ಡಿ ಜಾಸ್ತಿ, ಅವಧಿ ಕಮ್ಮಿ, ಕಂತು ತಪ್ಪಿದ್ರೆ ಕಾರು ಎತ್ಕೊಂಡು ಹೋದ ಹಾಗೆ ಮನೇನ ಜಪ್ತಿ ಮಾಡಬಹುದು, ಗೃಹಸಾಲ ತಗೊಂಡವರಿಗೆ ಸಿಗೋ ನೋಟಿಸು ಕಾಲಾವಕಾಶ ಎಲ್ಲ ಇವರಿಗೆ ಅಷ್ಟಾಗಿ ಇಲ್ಲ.

ಹಳೇ ಕಥೆ ಬೇಗ ಹೇಳಿಬಿಡ್ತೀನಿ. 1930ರ ದಶಕದಲ್ಲಿ ಇದು ನಿಜವಾಗ್ಲೂ ಕಾರಿನ ಹಿಂದೆ ಕಟ್ಕೊಂಡು ಹೋಗೋ ಟ್ರೇಲರ್ರೇ, ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆ ಕೆಲಸಗಾರರು ಅದರಲ್ಲೇ ಸಂಸಾರ ಹೂಡಿದ್ರು, 50ರ ದಶಕದ ಮಧ್ಯದಲ್ಲಿ 10 ಅಡಿ ಅಗಲದ್ದು ಬಂದಮೇಲೆ ಅದನ್ನ ಎಳ್ಕೊಂಡು ಸುತ್ತೋರು ಯಾರೂ ಉಳಿಲಿಲ್ಲ, ಒಂದು ಕಡೆ ಇಳಿಸಿದ್ರೆ ಇಳಿಸಿದ್ದೇ. 1972ರಲ್ಲಿ ಒಂದೇ ವರ್ಷಕ್ಕೆ ಸುಮಾರು 5.75 ಲಕ್ಷ ಮನೆ ಮಾರಾಟಕ್ಕೆ ಹೊರಟ್ವು. ಕಟ್ಟೋ ಗುಣಮಟ್ಟದ ಬಗ್ಗೆ ದೂರು ಜಾಸ್ತಿ ಆಗಿ 1974ರಲ್ಲಿ ಫೆಡರಲ್ ಕಾಯ್ದೆ ಬಂತು, 1976ರ ಜೂನ್ 15ರಿಂದ ಹಡ್ ಕೋಡ್, ಅಂದ್ರೆ ಅಲ್ಲಿನ ಕೇಂದ್ರ ವಸತಿ ಇಲಾಖೆ (ಹಡ್) ಮಾಡಿದ ಮನೆ ಕಟ್ಟೋ ನಿಯಮ, ಜಾರಿ ಆಯ್ತು. ಆ ದಿನಕ್ಕಿಂತ ಹಿಂದಿನ ಮನೆಗೆ ಇವತ್ತು ಸಾಲ ಕೊಡೋರು ಸಿಗೋದು ಅಪರೂಪ. ಗಮನಿಸಿ, ಕೋಡ್ ಬಂದು ಗೋಡೆ, ವೈರಿಂಗ್, ಬೆಂಕಿ ಸುರಕ್ಷತೆ ಎಲ್ಲ ಸುಧಾರಿಸ್ತು, ಆದ್ರೆ ಇದು ಮನೆಯೋ ವಾಹನವೋ ಅನ್ನೋ ಪ್ರಶ್ನೇನ ಒಂದೊಂದು ರಾಜ್ಯ ಒಂದೊಂದು ಥರ ಇಟ್ಕೊಳ್ಳಲಿ ಅಂತ ಬಿಟ್ಟುಬಿಟ್ರು.

ಈಗಿನ ಗೋಜಲು ಅರ್ಥ ಆಗ್ಬೇಕು ಅಂದ್ರೆ ನೋಡ್ಬೇಕಾದ್ದು 90ರ ದಶಕ. ಅಲ್ಲಿವರೆಗೂ ಈ ಸಾಲ ಸಣ್ಣ ವ್ಯವಹಾರ, ಅವಧೀನೂ ಚಿಕ್ಕದು. 90ರಲ್ಲಿ ಸಾಲಗಳನ್ನ ಒಟ್ಟುಮಾಡಿ ಬಾಂಡ್ ಮಾಡಿ ವಾಲ್ ಸ್ಟ್ರೀಟಿಗೆ ಮಾರೋದು ಜೋರಾಯ್ತು, ಮಿನೆಸೋಟದ ಗ್ರೀನ್ ಟ್ರೀ ಫೈನಾನ್ಶಿಯಲ್ ಅನ್ನೋ ಕಂಪನಿ ಇದರಲ್ಲಿ ಎಲ್ಲರಿಗಿಂತ ಮುಂದಿತ್ತು, ಅವರನ್ನ ನೋಡಿ ಬೇರೆಯವರೂ ಇಳಿದ್ರು. ಬೆಲೆ ವರ್ಷ ವರ್ಷ ಇಳಿಯೋ ವಸ್ತುವಿಗೆ 30 ವರ್ಷದ ಸಾಲ ಕೊಡಕ್ಕೆ ಶುರುಮಾಡಿದ್ರು. 30 ವರ್ಷ! ಮೊದಲ ಹತ್ತು ವರ್ಷ ಕಟ್ಟಿದ್ದರಲ್ಲಿ ಹೆಚ್ಚಿನದ್ದು ಬಡ್ಡಿಗೇ ಹೋಗುತ್ತೆ, ಅಷ್ಟರಲ್ಲಿ ಮನೆ ಬೆಲೆ ಅಸಲಿಗಿಂತ ಕೆಳಗೆ ಬಂದಿರುತ್ತೆ.

ವ್ಯವಹಾರ ನಡೀತಿದ್ದದ್ದು ಕಾರ್ ಶೋರೂಮ್ ಥರದ ಡೀಲರ್ ಅಂಗಳದಲ್ಲಿ. ಮನೆ ತೋರಿಸೋನೂ ಅವನೇ, ಸಾಲದ ಅರ್ಜಿ ತುಂಬಿಸೋನೂ ಅವನೇ, ಕೈಯಿಂದ ಹಾಕೋ ಮುಂಗಡ ದುಡ್ಡಿಲ್ಲ ಅಂದ್ರೆ ಬಿಲ್ಲಲ್ಲೇ ಫ್ರಿಜ್ಜು ಏಸಿ ಅಂತ ಏನೇನೋ ಸೇರಿಸಿ ಮೊತ್ತ ಹಿಗ್ಗಿಸಿ ಕೊಡೋದೂ ನಡೀತಿತ್ತು. ಸಾಲ ಕೊಟ್ಟ ಕಂಪನಿ ಮುಂದಿನ ವರ್ಷಗಳಲ್ಲಿ ಬರಬಹುದಾದ ಲಾಭಾನ ಬಾಂಡ್ ಮಾರಿದ ದಿನಾನೇ ಪುಸ್ತಕದಲ್ಲಿ ಬರ್ಕೊಳ್ತಿತ್ತು, ಎಷ್ಟು ಜನ ಕಂತು ತಪ್ಪಿಸ್ತಾರೆ, ಎಷ್ಟು ಜನ ಬೇಗ ತೀರಿಸಿಬಿಡ್ತಾರೆ ಅನ್ನೋ ಅಂದಾಜಿನ ಮೇಲೆ. ಅಂದಾಜು ತಪ್ಪಿದ್ರೆ ಲಾಭವೂ ಹೋಯ್ತು. ತಪ್ಪಿತು ಕೂಡ. ಆದ್ರೆ ಆ ಹೊತ್ತಿಗೆ ಡೀಲರಿಗೆ ಕಮಿಷನ್ ಸಿಕ್ಕಾಗಿತ್ತು, ಫ್ಯಾಕ್ಟರಿಗೆ ಆರ್ಡರ್ ಸಿಕ್ಕಾಗಿತ್ತು, ಬಾಂಡ್ ಕೊಂಡವರಿಗೆ ಬಡ್ಡಿ ಬರ್ತಿತ್ತು, ಯಾರಿಗೂ ನಿಲ್ಲಿಸೋ ಅವಸರ ಇರ್ಲಿಲ್ಲ.

1998ರಲ್ಲಿ ಮಾರಾಟ ಸುಮಾರು 3.7 ಲಕ್ಷ ಮುಟ್ತು. ಅದೇ ವರ್ಷ ಇಂಡಿಯಾನಾದ ವಿಮಾ ಕಂಪನಿ ಕಾನ್ಸೆಕೋ ಗ್ರೀನ್ ಟ್ರೀನ ಕೊಂಡ್ಕೊಳ್ತು, 2002ರ ಡಿಸೆಂಬರಲ್ಲಿ ಕಾನ್ಸೆಕೋನೇ ದಿವಾಳಿ ಅರ್ಜಿ ಹಾಕ್ತು. ಅಷ್ಟರಲ್ಲಿ ಜನ ಮನೆ ಕೀಲಿ ವಾಪಸ್ ಕೊಟ್ಟು ಹೋಗ್ತಿದ್ರು, ಜಪ್ತಿಯಾದ ಮನೆಗಳು ಡೀಲರ್ ಅಂಗಳದಲ್ಲಿ ಸಾಲಾಗಿ ನಿಂತು ಕಮ್ಮಿ ರೇಟಿಗೆ ಹೋಗ್ತಿದ್ವು. ಇಲ್ಲೇ ನಂಗೆ ಬೇಜಾರಾಗೋದು. ನಿಯತ್ತಾಗಿ ಕಂತು ಕಟ್ಟಿದವರ ಮನೆ ಬೆಲೇನೂ ಆ ಜಪ್ತಿ ಮಾಲಿನ ಜೊತೆಗೇ ಬಿತ್ತು, ಅವರದ್ದೇನೂ ತಪ್ಪಿರಲಿಲ್ಲ. 2009ಕ್ಕೆ ವರ್ಷದ ಮಾರಾಟ ಸುಮಾರು 50 ಸಾವಿರಕ್ಕೆ ಇಳೀತು.

ಸಾಲ ಕೊಡೋರು ಬಹಳಷ್ಟು ಜನ ಅಂಗಡಿ ಮುಚ್ಚಿದ್ರು. ಉಳಿದವರಲ್ಲಿ ದೊಡ್ಡದು ಟೆನೆಸ್ಸೀಯ ಕ್ಲೇಟನ್ ಹೋಮ್ಸ್, ಅದನ್ನ 2003ರಲ್ಲಿ ವಾರೆನ್ ಬಫೆಟ್‌ರ ಬರ್ಕ್‌ಶೈರ್ ಹ್ಯಾಥವೇ 1.7 ಬಿಲಿಯನ್ ಡಾಲರಿಗೆ ಕೊಂಡ್ಕೊಳ್ತು. ಮನೆ ಕಟ್ಟೋದು, ಮಾರೋದು, ಸಾಲ ಕೊಡೋದು ಎಲ್ಲ ಒಂದೇ ಗುಂಪಿನ ಕೆಳಗೆ. ಕಾನೂನು ಪ್ರಕಾರ ಸರೀನೇ, ಆದ್ರೆ ಗಿರಾಕಿಗೆ ಬೇರೆ ಕಡೆ ಹೋಗಿ ಚೌಕಾಸಿ ಮಾಡೋ ಜಾಗ ಎಷ್ಟು ಉಳೀತು ಅಂತ ಕೇಳ್ಕೋಬೇಕು. ಅಮೆರಿಕ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2014ರಲ್ಲಿ ಒಂದು ವರದಿ ಕೊಡ್ತು: ಈ ಮನೆ ಕೊಳ್ಳೋ ಸಾಲಗಳಲ್ಲಿ 68 ಪರ್ಸೆಂಟ್ ದುಬಾರಿ ಬಡ್ಡಿ ವರ್ಗದ್ದು, ಮಾಮೂಲಿ ಮನೆಗಳಲ್ಲಿ ಆ ಪಾಲು 3 ಪರ್ಸೆಂಟ್. ಜೊತೆಗೆ, ಸ್ವಂತ ಜಾಗ ಇದ್ದವರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಜನ ತಗೊಂಡಿದ್ದು ಚರಾಸ್ತಿ ಸಾಲಾನೇ. ಅಪ್ಪನ ಜಮೀನು ಅಡ ಹಾಕೋದು ಬೇಡ ಅಂತ ಕೆಲವರು, ಬೇಗ ಕೆಲಸ ಆಗುತ್ತೆ ಅಂತ ಕೆಲವರು, ಬೇರೆ ದಾರಿ ಇದೆ ಅಂತಾನೇ ಗೊತ್ತಿಲ್ದೆ ಕೆಲವರು.

ಸರ್ಕಾರ ಏನೂ ಮಾಡ್ಲಿಲ್ಲ ಅನ್ನಕ್ಕಾಗಲ್ಲ. ಬ್ಯಾಂಕುಗಳು ಕೊಟ್ಟ ಗೃಹಸಾಲಾನ ಅವರಿಂದ ಕೊಂಡ್ಕೊಳ್ಳೋ ಸರ್ಕಾರಿ ಬೆಂಬಲದ ಕಂಪನಿಗಳು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್; 2008ರ ಕಾಯ್ದೆಯಲ್ಲಿ ಇವೆರಡೂ ಈ ಮನೆಗಳಿಗೆ ಸೇವೆ ಕೊಡಲೇಬೇಕು ಅಂತ ಬರೆದ್ರು, ಅದರ ನಿಯಮ ಅಂತಿಮ ಆಗಕ್ಕೆ 2016 ಬಂತು, ಚರಾಸ್ತಿ ಸಾಲಾನ ಅವರು ದೊಡ್ಡ ಮಟ್ಟದಲ್ಲಿ ಕೊಳ್ಳೋದು ಇನ್ನೂ ಆಗಿಲ್ಲ. ನ್ಯೂ ಹ್ಯಾಂಪ್‌ಶೈರ್ ಮಾತ್ರ ಬೇರೆ ದಾರಿ ಹಿಡೀತು: ಮನೆ ಜಾಗದಲ್ಲಿ ಕೂತು ನೀರು ಕರೆಂಟು ಸಿಕ್ಕಿಸಿದ್ರೆ ಅದು ಸ್ಥಿರಾಸ್ತಿ, ಜಾಗ ಬಾಡಿಗೇದಾದ್ರೂ. 1984ರಲ್ಲಿ ಅಲ್ಲಿನ ಮೆರೆಡಿತ್ ಊರಲ್ಲಿ ಮೊಬೈಲ್ ಹೋಮ್ ಪಾರ್ಕಿನ, ಅಂದ್ರೆ ಒಬ್ಬರ ಜಾಗದಲ್ಲಿ ಬಾಡಿಗೆ ಕೊಟ್ಟು ಇಂಥ ಮನೆಗಳನ್ನ ಸಾಲಾಗಿ ಇಟ್ಕೊಂಡಿರೋ ಬಡಾವಣೆಯ, ನಿವಾಸಿಗಳೇ ಸಹಕಾರ ಸಂಘ ಮಾಡ್ಕೊಂಡು ಇಡೀ ಪಾರ್ಕ್ ಕೊಂಡ್ರು, ಈಗ ಅದೇ ಮಾದರಿಯನ್ನ ಬೇರೆ ರಾಜ್ಯಗಳಲ್ಲೂ ಮಾಡ್ತಿದ್ದಾರೆ. ಅಲ್ಲಿ ಆಗೋದು ಬೇರೆ ಕಡೆ ಯಾಕಾಗಲ್ಲ ಅನ್ನೋದಕ್ಕೆ ಒಳ್ಳೇ ಉತ್ತರ ನಾನು ಎಲ್ಲೂ ಓದಿಲ್ಲ.

ಈಗ ದುಡ್ಡು ಬೇಕಾದೋರಿಗೆ ಇರೋ ದಾರಿ ಏನು ಅಂದ್ರೆ, ಜಾಗ ನಿಮ್ಮದಾಗಿದ್ರೆ ಗಾಲಿ, ಆಕ್ಸಲ್, ಎಳೆಯೋ ಕೊಂಡಿ ತೆಗೆಸಿ, ಪಕ್ಕಾ ಬುನಾದಿ ಹಾಕ್ಸಿ, ಆ ಆರ್‌ಸಿ ಥರದ ಟೈಟಲ್ ಸರ್ಕಾರಕ್ಕೆ ಒಪ್ಪಿಸಿ ಸ್ಥಿರಾಸ್ತಿ ಅಂತ ನೋಂದಾಯಿಸಿಕೊಳ್ಳೋದು. ಆಮೇಲೂ ಫ್ಯಾನಿ ಮೇ ಮಾಮೂಲಿ ನಿಯಮದಲ್ಲಿ ಮನೆ ಮೇಲೆ ನಗದು ಎತ್ತಬೇಕು ಅಂದ್ರೆ ಒಂದೇ ಡಬ್ಬಿಯ ಮನೆ ಆಗಲ್ಲ, ಎರಡು ಭಾಗ ಜೋಡಿಸಿದ್ದಾದ್ರೆ ಬೆಲೆಯ 65 ಪರ್ಸೆಂಟ್ ತನಕ, 20 ವರ್ಷದೊಳಗೆ ತೀರಿಸಬೇಕು. ಪಾರ್ಕಲ್ಲಿ ಇರೋರಿಗೆ ಸಾಲ ಕೊಡೋರು ಅಂದ್ರೆ ಕೆಲವು ಕ್ರೆಡಿಟ್ ಯೂನಿಯನ್ನು (ನಮ್ಮ ಸಹಕಾರಿ ಬ್ಯಾಂಕ್ ಥರದ್ದು), ಬೆರಳೆಣಿಕೆ ಕಂಪನಿಗಳು. ರಿಪೇರಿಗೆ ಅಂತ ಸರ್ಕಾರಿ ವಿಮೆ ಇರೋ ಟೈಟಲ್ 1 ಸಾಲ ಇದೆ, ಚರಾಸ್ತಿ ಮನೆಗೆ ಮಿತಿ 7,500 ಡಾಲರ್, ಆ ದುಡ್ಡಲ್ಲಿ ಪೂರ್ತಿ ಸೂರು ಬದಲಾಯಿಸೋದು ಕಷ್ಟ.

ಯಾವ ದಾರಿ ಹಿಡಿದ್ರೂ ಒಂದನ್ನ ಮೊದಲೇ ನೋಡ್ಕೋಬೇಕು, ಮನೆಯ ಹಿಂಬದಿ ಹೊರಗೋಡೆ ಮೇಲೆ ಹಡ್‌ನ ಕೆಂಪು ತಗಡಿನ ಬಿಲ್ಲೆ ಇದೆಯಾ ಅಂತ. ಎಷ್ಟೋ ಜನ ಗೋಡೆಗೆ ಹೊಸ ಹೊದಿಕೆ ಹಾಕಿಸುವಾಗ ಅದನ್ನ ಕಿತ್ತು ಬಿಸಾಕಿರ್ತಾರೆ. ಬಿಲ್ಲೆಗೆ ನಕಲು ಕೊಡಲ್ಲ, ಐಬಿಟಿಎಸ್ ಅನ್ನೋ ಸಂಸ್ಥೆಗೆ ಸೀರಿಯಲ್ ನಂಬರ್ ಕಳಿಸಿ ಫೀಸು ಕಟ್ಟಿ ದೃಢೀಕರಣ ಪತ್ರ ತರಿಸ್ಕೋಬೇಕು.