ಕರಡಿ ಕಾಡಿನ ಬೇಟೆಗಾರನಿಗೆ ಕೈಬಂದೂಕು ಬೇಕಾಗುವುದು ಯಾವಾಗ?

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಿಗೆ ಮೊದಲು ಸಿಗುವ ಬುದ್ಧಿಮಾತು ಇದು: ಗುಂಪಾಗಿ ನಡೆಯಿರಿ, ಜೋರಾಗಿ ಮಾತಾಡುತ್ತಿರಿ, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಾಡಿನ ದಾರಿ ಹಿಡಿಯಬೇಡಿ. ಉದ್ಯಾನದ ಗಡಿಯಾಚೆ, ಮೊಂಟಾನಾ ಮತ್ತು ವಯೋಮಿಂಗ್ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಹೋಗುವವನು ಇವುಗಳಲ್ಲಿ ಒಂದನ್ನೂ ಪಾಲಿಸಲಾರ. ಎಲ್ಕ್ ನಮ್ಮ ಕಡವೆಯ ಹಾಗೆ ದೊಡ್ಡ ಜಿಂಕೆ. ಅದರ ಕಿವಿ, ಮೂಗು ಬಲು ಚುರುಕು. ಹಾಗಾಗಿ ಬೇಟೆಗಾರ ಸದ್ದು ಮಾಡದೆ, ಗಾಳಿಗೆ ಎದುರಾಗಿ, ಬೆಳಕು ಹರಿಯುವ ಹೊತ್ತಿಗೇ ನಡೆಯುತ್ತಾನೆ. ಹೆಣ್ಣು ಎಲ್ಕ್‌ನ ದನಿ ಹೊರಡಿಸಿ ಗಂಡನ್ನು ಕರೆಯುತ್ತಾನೆ. ಆ ದನಿ ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಗೂ ಕೇಳುತ್ತದೆ.

ಕಾಲವೂ ಅವನ ಪರವಾಗಿಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಗ್ರಿಜ್ಲಿಗಳು ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಡುವ ಆತುರದಲ್ಲಿರುತ್ತವೆ. ದಿನಕ್ಕೆ 20,000 ಕಿಲೋಕ್ಯಾಲರಿಯಷ್ಟು ಆಹಾರ ಒಳಗೆ ಹೋಗಬೇಕು. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋಗುವ ಕರುಳಿನ ರಾಶಿ ಅವಕ್ಕೆ ಶ್ರಮವಿಲ್ಲದ ಊಟ. ಉದ್ಯಾನದ ಹೊರಗೆ ಎಲ್ಕ್ ಬೇಟೆ ಶುರುವಾದ ಮೇಲೆ ಗ್ರಿಜ್ಲಿಗಳು ಗಡಿ ದಾಟಿ ಆ ಕಡೆಗೆ ಹೋಗುವುದು ಹೆಚ್ಚುತ್ತದೆ ಎಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ. ನಮ್ಮ ದರೋಜಿ ಕರಡಿಧಾಮದ ಗಂಡು ಕರಡಿ ಹೆಚ್ಚೆಂದರೆ ನೂರನಲವತ್ತು ಕಿಲೋ ಚಿಲ್ಲರೆ ತೂಗೀತು. ಯೆಲ್ಲೊಸ್ಟೋನ್ ಸುತ್ತಲಿನ ಗಂಡು ಗ್ರಿಜ್ಲಿ ಅದರ ಎರಡರಷ್ಟು ತೂಗಬಲ್ಲದು. ಅಲಾಸ್ಕಾದ ಕೊಡಿಯಾಕ್ ದ್ವೀಪದ ದೊಡ್ಡ ಗಂಡುಗಳು 600 ಕಿಲೋ ದಾಟುತ್ತವೆ.

ಕೈಯಲ್ಲಿ ರೈಫಲ್ ಇರುವವನಿಗೆ ಇನ್ನೊಂದು ಸಣ್ಣ ಬಂದೂಕು ಯಾಕೆ? ಶಕ್ತಿಯ ಲೆಕ್ಕದಲ್ಲಿ ಈ ಪ್ರಶ್ನೆ ಸರಿಯೇ. ಸಾಮಾನ್ಯ ಬೇಟೆ ರೈಫಲ್ಲಾದ .30-06ರ ಗುಂಡು ನಳಿಗೆಯಿಂದ ಹೊರಡುವಾಗ ಸುಮಾರು 3,900 ಜೂಲ್ ಶಕ್ತಿ ಹೊತ್ತಿರುತ್ತದೆ. .44 ಮ್ಯಾಗ್ನಂ ರಿವಾಲ್ವರಿನದು ಸುಮಾರು 1,300, 10 ಮಿ.ಮೀ. ಪಿಸ್ತೂಲಿನದು 850ರ ಆಸುಪಾಸು, 9 ಮಿ.ಮೀ.ಯದು 500. ರೈಫಲ್ ಕೈಯಲ್ಲಿರುವಷ್ಟು ಹೊತ್ತು ಕೈಬಂದೂಕಿನ ನೆನಪೂ ಬರಬೇಕಿಲ್ಲ. ಆದರೆ ಮುನ್ನೂರು ಕಿಲೋದ ಎಲ್ಕ್ ಬಿದ್ದ ಮೇಲೆ ಒಬ್ಬನೇ ಅದರ ಚರ್ಮ ಸುಲಿದು, ತೊಡೆ, ಭುಜ ಬಿಡಿಸಿ, ಮಾಂಸವನ್ನು ಚೀಲಕ್ಕೆ ತುಂಬಲು ಎರಡು ಮೂರು ತಾಸು ಬೇಕು. ಆ ಹೊತ್ತಿನಲ್ಲಿ ಅವನು ಬಗ್ಗಿ ಕೂತಿರುತ್ತಾನೆ, ಎರಡೂ ಕೈ ರಕ್ತವಾಗಿರುತ್ತವೆ, ವಾಸನೆ ಗಾಳಿಯಲ್ಲಿ ಬಹುದೂರ ಹೋಗಿರುತ್ತದೆ, ರೈಫಲ್ ನಾಲ್ಕು ಮಾರು ದೂರದ ಮರಕ್ಕೆ ಒರಗಿರುತ್ತದೆ. ಬಿಲ್ಲುಬಾಣದಲ್ಲಿ ಬೇಟೆಯಾಡುವವನ ಬಳಿ ಆ ರೈಫಲ್ಲೂ ಇಲ್ಲ. ಕೈಬಂದೂಕು ಈ ಹೊತ್ತಿಗಾಗಿ. ಅದರ ಹೆಚ್ಚುಗಾರಿಕೆಯೆಲ್ಲ ಮೈಮೇಲೆ ಇರುವುದರಲ್ಲಿದೆ.

ಗ್ರಿಜ್ಲಿ ಓಡುವ ವೇಗ ಗಂಟೆಗೆ ಸುಮಾರು 56 ಕಿ.ಮೀ., ಅಂದರೆ ಸೆಕೆಂಡಿಗೆ ಹದಿನೈದು ಮೀಟರ್. ಪೊದೆಯಿಂದ 30 ಮೀಟರ್ ದೂರದಲ್ಲಿ ಹೊರಬಿದ್ದ ಕರಡಿ ಎರಡೇ ಸೆಕೆಂಡಿನಲ್ಲಿ ಮೈಮೇಲಿರುತ್ತದೆ. ಚೆನ್ನಾಗಿ ಅಭ್ಯಾಸವಿದ್ದವನು ಎದೆಗೆ ಕಟ್ಟಿದ ಹೋಲ್‌ಸ್ಟರ್‌ನಿಂದ (ಬಂದೂಕಿನ ಒರೆಯಿಂದ) ಬಂದೂಕು ಎಳೆದು ಮೊದಲ ಗುಂಡು ಹಾರಿಸಲು ಒಂದೂವರೆಯಿಂದ ಎರಡು ಸೆಕೆಂಡು ಹಿಡಿಯುತ್ತದೆ; ಕರಡಿಯನ್ನು ಕಂಡು ಗುರುತಿಸುವ ಹೊತ್ತು ಇದರಲ್ಲಿ ಸೇರಿಲ್ಲ. ಬೆನ್ನುಚೀಲದೊಳಗಿನ ಬಂದೂಕು ಮನೆಯಲ್ಲೇ ಬಿಟ್ಟು ಬಂದದ್ದಕ್ಕೆ ಸಮ.

ಗುಂಡು ತಾಗಿದರೆ ಪ್ರಾಣಿ ಬೀಳುತ್ತದೆ ಎಂಬುದು ಸಿನಿಮಾ ಕಲಿಸಿದ ಪಾಠ. ಹೃದಯವೇ ಛಿದ್ರವಾದರೂ ಮಿದುಳಿನಲ್ಲಿ ಆಗಲೇ ಇರುವ ಆಮ್ಲಜನಕ ಹತ್ತು ಹದಿನೈದು ಸೆಕೆಂಡು ಸಾಕಾಗುತ್ತದೆ ಎಂದು ಎಫ್‌ಬಿಐ 1989ರ ವರದಿಯೊಂದರಲ್ಲಿ ಮನುಷ್ಯರ ವಿಚಾರದಲ್ಲೇ ಬರೆದಿತ್ತು. ಅಷ್ಟು ಹೊತ್ತಿನಲ್ಲಿ ಕರಡಿ ನೂರೈವತ್ತು ಮೀಟರ್ ಓಡಬಲ್ಲದು. ತಟ್ಟನೆ ನಿಲ್ಲಬೇಕಾದರೆ ಮಿದುಳಿಗೋ ಬೆನ್ನುಹುರಿಗೋ ಪೆಟ್ಟಾಗಬೇಕು. ಇಲ್ಲವೇ ಭುಜದ ಮೂಳೆ ಮುರಿದು ಓಟ ಕುಂಠಿತವಾಗಬೇಕು. ತಲೆ ತಗ್ಗಿಸಿ ಬರುವ ಕರಡಿಯ ಹಣೆ ಇಳಿಜಾರಾಗಿರುತ್ತದೆ, ಮಿದುಳು ತಲೆಬುರುಡೆಯ ಹಿಂಭಾಗದಲ್ಲಿ ತಗ್ಗಿನಲ್ಲಿರುತ್ತದೆ. ಕಣ್ಣುಗಳಿಗಿಂತ ಮೇಲೆ ತಾಗಿದ ಗುಂಡು ಮಿದುಳನ್ನು ತಪ್ಪಿಸಿ ದಪ್ಪ ಸ್ನಾಯುವಿನಲ್ಲಿ ಹಾದುಹೋಗಬಹುದು. ಕರಡಿಯ ತಲೆಗೆ ಗುಂಡು ನಾಟುವುದೇ ಇಲ್ಲ ಎಂಬ ಮಾತು ಹುಟ್ಟಿದ್ದು ಇಂಥ ಹೊಡೆತಗಳಿಂದಲೇ ಇರಬೇಕು.

ಹಾಗಾಗಿ ಇಲ್ಲಿ ಬೇಕಿರುವುದು ಆಳಕ್ಕೆ ಇಳಿಯುವ ಗುಂಡು. ಮನುಷ್ಯರಿಂದ ಆತ್ಮರಕ್ಷಣೆಗೆಂದು ಮಾರುವ, ತುದಿ ಟೊಳ್ಳಾದ ಗುಂಡು ಮೈಗೆ ತಾಗಿದೊಡನೆ ಅರಳಿಕೊಂಡು 30ರಿಂದ 45 ಸೆಂ.ಮೀ. ಒಳಗೆ ನಿಲ್ಲುವಂತೆ ತಯಾರಾಗಿರುತ್ತದೆ. ಎದುರಿನಿಂದ ಬರುವ ಕರಡಿಯ ಕೊಬ್ಬು, ಸ್ನಾಯು, ಮೂಳೆ ದಾಟಲು ಅದು ಸಾಲದು. ತಿಳಿದವರು ತುಂಬುವುದು ಆಂಟಿಮನಿ ಮತ್ತು ತವರ ಬೆರೆಸಿ ಗಟ್ಟಿ ಮಾಡಿದ ಎರಕದ ಸೀಸದ, ಚಪ್ಪಟೆ ಮೂತಿಯ, ಭಾರವಾದ ಗುಂಡು. .44ರಲ್ಲಿ ಅದು 19 ಗ್ರಾಂನಷ್ಟು ತೂಗುತ್ತದೆ. ಅರಳುವುದಿಲ್ಲ, ನೇರ ಹೋಗುತ್ತದೆ. 2016ರಲ್ಲಿ ಅಲಾಸ್ಕಾದ ಒಬ್ಬ ಅನುಭವಿ ಮಾರ್ಗದರ್ಶಿ ಇಂಥದೇ ಗುಂಡು ತುಂಬಿದ ಬರೀ 9 ಮಿ.ಮೀ. ಪಿಸ್ತೂಲಿನಿಂದ ಕಂದು ಕರಡಿಯನ್ನು ನಿಲ್ಲಿಸಿದರು. ಅದನ್ನೇ ನೆಚ್ಚಿಕೊಂಡು 9 ಮಿ.ಮೀ. ಸಾಕು ಎನ್ನುವುದು ತಪ್ಪು. ಆ ಗುಂಡುಗಳು ಆಳಕ್ಕೆ ಇಳಿದವು, ಹೊಡೆದವರ ಕೈ ನಡುಗಲಿಲ್ಲ ಎಂಬುದಷ್ಟೇ ಅದರಿಂದ ತಿಳಿಯುವುದು.

ರಿವಾಲ್ವರೋ ಪಿಸ್ತೂಲೋ ಎಂಬ ಚರ್ಚೆಗೆ ಕೊನೆಯಿಲ್ಲ, ಎರಡಕ್ಕೂ ತಮ್ಮ ತಮ್ಮ ದೋಷಗಳಿವೆ. ಕರಡಿಯ ಮೈಗೆ ಒತ್ತಿ ಹಿಡಿದರೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ (ಸ್ಲೈಡ್) ಎರಡು ಮೂರು ಮಿ.ಮೀ. ಹಿಂದೆ ಸರಿದು ಗುಂಡೇ ಹಾರದಿರಬಹುದು. ರಿವಾಲ್ವರಿಗೆ ಈ ತೊಂದರೆಯಿಲ್ಲ. ಆದರೆ ಅದರಲ್ಲಿರುವುದು ಐದೋ ಆರೋ ಗುಂಡು, ಕುದುರೆ (ಟ್ರಿಗರ್) ಎಳೆಯಲು ನಾಲ್ಕೈದು ಕಿಲೋ ಬಲ ಬೇಕು, ಒದೆತವೂ ಜೋರು. 10 ಮಿ.ಮೀ.ಯ ಗ್ಲಾಕ್ 20ರಲ್ಲಿ ಹದಿನೈದು ಗುಂಡು ಹಿಡಿಯುತ್ತವೆ. ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ದಳ ಹಿಮಕರಡಿಗಾಗಿ ಇಟ್ಟುಕೊಂಡಿರುವ ಪಿಸ್ತೂಲು ಅದೇ.

ಹೊತ್ತು ತಿರುಗಲು ಹಗುರವೆಂದು 700 ಗ್ರಾಂ ತೂಕದ .44 ರಿವಾಲ್ವರ್ ಕೊಳ್ಳುವವರು ಒಂದು ಪರೀಕ್ಷೆ ಮಾಡಲೇಬೇಕು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಚಿಮ್ಮುತ್ತದೆ. ಉಳಿದ ತೋಟಾಗಳ ಹಿತ್ತಾಳೆ ಕವಚವೂ ಅದರೊಡನೆ ಹಿಂದೆ ಹೋಗುತ್ತದೆ, ಆದರೆ ಭಾರವಾದ ಸೀಸದ ತಲೆ ಜಡತ್ವದಿಂದ ಇದ್ದಲ್ಲೇ ಉಳಿಯಲು ನೋಡುತ್ತದೆ. ಕವಚದ ಬಾಯಿಯ ಹಿಡಿತ ಬಿಗಿಯಿಲ್ಲದಿದ್ದರೆ ತಲೆ ಸ್ವಲ್ಪ ಸ್ವಲ್ಪವೇ ಮುಂದೆ ಜಾರಿ, ತೋಟಾಗಳನ್ನು ಹಿಡಿದು ತಿರುಗುವ ಸಿಲಿಂಡರಿನಿಂದ ಹೊರಗೆ ಚಾಚಿ ಚೌಕಟ್ಟಿಗೆ ತಗುಲುತ್ತದೆ. ಅಲ್ಲಿಗೆ ಸಿಲಿಂಡರ್ ತಿರುಗುವುದು ನಿಲ್ಲುತ್ತದೆ, ಬಂದೂಕು ಕಬ್ಬಿಣದ ತುಂಡಾಗುತ್ತದೆ. ಪರೀಕ್ಷೆ ಸುಲಭ: ಆರು ತೋಟಾ ತುಂಬಿ, ಆರನೆಯದರ ಉದ್ದವನ್ನು ಮೊದಲೇ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದಿಟ್ಟು, ಐದು ಹಾರಿಸಿ, ಮತ್ತೆ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಬಂದೂಕಿಗೆ ಆ ತೋಟಾ ಬೇಡ.

ಸೊಂಟಕ್ಕೆ ಕಟ್ಟಿದರೆ ಬೆನ್ನುಚೀಲದ ಪಟ್ಟಿ ಹಿಡಿಕೆಯನ್ನು ಮುಚ್ಚುತ್ತದೆ. ಆದ್ದರಿಂದ ಅಲಾಸ್ಕಾದಲ್ಲಿ ಬಳಕೆಯಲ್ಲಿರುವುದು ಎದೆಯ ಹೋಲ್‌ಸ್ಟರ್: ಒಂದು ಪಟ್ಟಿ ಭುಜದ ಮೇಲಿಂದ, ಇನ್ನೊಂದು ಪಕ್ಕೆಲುಬಿನ ಸುತ್ತ. ಚೀಲ ಬೆನ್ನಿಗಿದ್ದರೂ, ಕೂತು ಮಾಂಸ ಕೊಯ್ಯುತ್ತಿದ್ದರೂ, ಮಗುಚಿ ಬಿದ್ದರೂ ಎರಡರಲ್ಲಿ ಯಾವ ಕೈಗಾದರೂ ಎಟಕುತ್ತದೆ. ಎಡವಟ್ಟಾಗುವುದು ಮಳೆ ಬಂದಾಗ: ಮೇಲೊಂದು ಜಾಕೆಟ್ ಹಾಕಿ ಜಿಪ್ ಎಳೆದರೆ ಬಂದೂಕು ಇದ್ದೂ ಇಲ್ಲ. ಹೋಲ್‌ಸ್ಟರ್ ಯಾವತ್ತೂ ಎಲ್ಲದಕ್ಕಿಂತ ಹೊರಗಿರಬೇಕು. ಖಾಲಿ ಬಂದೂಕಿನಿಂದ, ಕೈಗವಸು ಮತ್ತು ಬೆನ್ನುಚೀಲ ಹಾಕಿಕೊಂಡೇ, ಎಳೆಯುವ ಅಭ್ಯಾಸ ನಡೆಯಬೇಕು.

ಈಗ ಕರಡಿಯತ್ತ ಡಬ್ಬಿಯಿಂದ ಚಿಮ್ಮಿಸುವ ಮೆಣಸಿನ ಸ್ಪ್ರೇ ವಿಚಾರ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 2008ರಲ್ಲಿ ಅಲಾಸ್ಕಾದ ಸ್ಪ್ರೇ ಪ್ರಕರಣಗಳನ್ನೂ 2012ರಲ್ಲಿ ಬಂದೂಕಿನ ಪ್ರಕರಣಗಳನ್ನೂ ಲೆಕ್ಕ ಹಾಕಿದರು. ಕಂದು ಕರಡಿಯ ಎದುರು ಸ್ಪ್ರೇ ಕೆಲಸ ಮಾಡಿದ್ದು 92 ಶೇಕಡಾ. ಕೈಬಂದೂಕು 84, ರೈಫಲ್‌ನಂಥ ಉದ್ದ ಬಂದೂಕು 76. ಬಂದೂಕು ಬಳಸಿದವರಿಗೂ, ಬಳಿ ಇದ್ದೂ ಬಳಸದವರಿಗೂ ಆದ ಗಾಯಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವುದು ಸರಿಯಲ್ಲ. ಸ್ಪ್ರೇ ಪ್ರಕರಣಗಳಲ್ಲಿ ಬರೀ ಕುತೂಹಲಕ್ಕೆ ಹತ್ತಿರ ಬಂದ ಕರಡಿಗಳೂ ಇದ್ದವು. ಆದರೂ ಸ್ಪ್ರೇ ಯಾಕೆ ಗೆಲ್ಲುತ್ತದೆ ಎಂಬುದು ಸ್ಪಷ್ಟ: ಅದಕ್ಕೆ ಕರಾರುವಾಕ್ಕಾದ ಗುರಿ ಬೇಡ. ಒಂದರಿಂದ ಎರಡು ಶೇಕಡಾ ಕ್ಯಾಪ್ಸೈಸಿನ್ ವರ್ಗದ ಖಾರ, ಕನಿಷ್ಠ 225 ಗ್ರಾಂ, ಎಂಟು ಮೀಟರ್‌ನಷ್ಟು ದೂರ, ಆರು ಸೆಕೆಂಡು ಚಿಮ್ಮುವ ಡಬ್ಬಿ ಇರಬೇಕು. ಕರಡಿಯ ಮುಂದೆ, ತುಸು ಕೆಳಕ್ಕೆ ಮೋಡ ಕಟ್ಟಿದರೆ ಅದು ಓಡುತ್ತ ಬಂದು ಆ ಖಾರವನ್ನೇ ಉಸಿರಾಡುತ್ತದೆ. ಎದುರುಗಾಳಿಯಲ್ಲಿ ಮೋಡ ನಮ್ಮತ್ತಲೇ ತಿರುಗುತ್ತದೆ, ಕೊರೆಯುವ ಚಳಿಯಲ್ಲಿ ಒತ್ತಡ ಇಳಿದು ದೂರ ಕುಗ್ಗುತ್ತದೆ, ಡಬ್ಬಿಯ ಅವಧಿ ಸುಮಾರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಕೈಗೆ ಮೊದಲು ಬರಬೇಕಾದದ್ದು ಸ್ಪ್ರೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಬ್ಬರಿದ್ದರೆ ಒಬ್ಬ ಕೊಯ್ಯಲಿ, ಇನ್ನೊಬ್ಬ ಡಬ್ಬಿ ಹಿಡಿದು ಸುತ್ತ ನೋಡುತ್ತಿರಲಿ. ಮಾಂಸವನ್ನು ಕರುಳಿನ ರಾಶಿಯಿಂದ ನೂರು ಮೀಟರ್ ಆಚೆ, ದೂರದಿಂದಲೇ ಕಾಣುವ ಬಯಲಿಗೆ ಸಾಗಿಸಬೇಕು. ಮರಳಿ ಬಂದಾಗ ಅದರ ಮೇಲೆ ಕರಡಿ ಕೂತಿದ್ದರೆ ಮಾಂಸದ ಆಸೆ ಬಿಡಬೇಕು.

ಅಮೆರಿಕದಲ್ಲಿರುವ ಕನ್ನಡಿಗರು ತಿಳಿದಿರಬೇಕಾದ ಕಾನೂನೊಂದಿದೆ. ಎಚ್‌-1ಬಿಯಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿನ ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಇರುವ ಕೆಲವು ವಿನಾಯಿತಿಗಳಲ್ಲಿ ಒಂದು, ಅಲ್ಲಿನ ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಸ್ಪ್ರೇಗೆ ಈ ತೊಡಕಿಲ್ಲ. ಆದರೆ ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಇಳಿದ ಊರಿನಲ್ಲೇ ಕೊಳ್ಳಬೇಕು.

ಅಲಾಸ್ಕಾದಲ್ಲಿ ಪ್ರಾಣರಕ್ಷಣೆಗೆ ಕರಡಿಯನ್ನು ಕೊಂದರೆ ಅದು ಕೊಂದವನದಾಗುವುದಿಲ್ಲ. ಕೂಡಲೇ ವನ್ಯಜೀವಿ ಇಲಾಖೆಗೆ ತಿಳಿಸಿ, ಉಗುರುಗಳ ಸಮೇತ ಚರ್ಮವನ್ನೂ ತಲೆಬುರುಡೆಯನ್ನೂ ಸರ್ಕಾರಕ್ಕೆ ಒಪ್ಪಿಸಿ, 15 ದಿನದೊಳಗೆ ಲಿಖಿತ ವರದಿ ಕೊಡಬೇಕು.