ಕಡಲಂಚಿನ ಬುಗ್ಗೆ ಹೇಳುವ ಸುಳ್ಳು ಡಿಗ್ರಿ

ಜ್ವಾಲಾಮುಖಿ ದ್ವೀಪಗಳ ಭೂಶಾಖ ವರದಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: ಕಡಲಂಚಿನ ಬಿಸಿನೀರ ಬುಗ್ಗೆಯ ಸೋಡಿಯಂ–ಪೊಟ್ಯಾಸಿಯಂ ಲೆಕ್ಕದಂತೆ (ನೀರಿನಲ್ಲಿ ಇವೆರಡರ ಅನುಪಾತದಿಂದ ಉಷ್ಣತೆ ಅಂದಾಜಿಸುವ ಗಿಗನ್‌ಬಾಖ್ ಸೂತ್ರ) ಆಳದ ಉಷ್ಣತೆ 170 ಡಿಗ್ರಿ ಸೆಲ್ಸಿಯಸ್. ಇದನ್ನು ನಂಬಿ ಬಾವಿ ಕೊರೆಯಲು ಹಣ ಹೊಂದಿಸುವವರು ಮೊದಲು ಒಂದು ಕೆಲಸ ಮಾಡಲಿ. ಬುಗ್ಗೆಯ ಗೊಡವೆ ಬಿಟ್ಟು, ತಣ್ಣಗಿನ ಸಮುದ್ರದ ನೀರಿನ ಅಂಕಿಗಳನ್ನೇ ಅದೇ ಗಿಗನ್‌ಬಾಖ್ ಸೂತ್ರಕ್ಕೆ ಹಾಕಿ ನೋಡಲಿ: ಲೀಟರಿಗೆ ಸೋಡಿಯಂ 10,800 ಮಿಲಿಗ್ರಾಂ, ಪೊಟ್ಯಾಸಿಯಂ 400. ಉತ್ತರ 164 ಡಿಗ್ರಿ!

ಸೂತ್ರದ್ದೇನೂ ತಪ್ಪಿಲ್ಲ. ಬಿಸಿ ಬಂಡೆಯ ಜೊತೆ ಬಹುಕಾಲವಿದ್ದು ಸಮತೋಲಕ್ಕೆ ಬಂದ ನೀರಿಗಷ್ಟೇ ಅದು ಸಲ್ಲುತ್ತದೆ. ಬುಗ್ಗೆಗೆ ಸಮುದ್ರದ ನೀರು ಬೆರೆತಿದ್ದರೆ ಆ ಬೆರಕೆಯನ್ನು ಹಿಡಿದುಕೊಡುವುದು ಮೆಗ್ನೀಸಿಯಂ. 200 ಡಿಗ್ರಿ ಮೀರಿದ ಆಳದ ನೀರಿನಲ್ಲಿ ಅದು ಸಾಮಾನ್ಯವಾಗಿ ತೀರಾ ಅತ್ಯಲ್ಪ. ಸಮುದ್ರದಲ್ಲಿ ಸುಮಾರು 1,290.

ಬುಗ್ಗೆಯಲ್ಲಿ ಮೆಗ್ನೀಸಿಯಂ 645, ಸೋಡಿಯಂ 5,700, ಪೊಟ್ಯಾಸಿಯಂ 235 ಇದೆ ಎನ್ನೋಣ. ನೇರ ಲೆಕ್ಕಕ್ಕೆ ಆ 170 ಡಿಗ್ರಿಯೇ ಸಿಗುತ್ತದೆ. ಆದರೆ ಮೆಗ್ನೀಸಿಯಂ ಪ್ರಕಾರ ಅರ್ಧ ನೀರು ಸಮುದ್ರದ್ದು. ಅದರ ಪಾಲು ಕಳೆದರೆ ಉಳಿಯುವುದು ಸೋಡಿಯಂ 300, ಪೊಟ್ಯಾಸಿಯಂ 35, ಉಷ್ಣತೆ 245! ಇಲ್ಲಿಯೂ ಹಿಗ್ಗಬೇಡಿ. ಪ್ರಯೋಗಾಲಯದ ಅಳತೆ ಎರಡರಲ್ಲೂ ಶೇ. 3ರಷ್ಟು ಅತ್ತಿತ್ತ ಆದರೆ ಸಾಕು, ಉತ್ತರ 190ರಿಂದ 350ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆದು ಚಿಲ್ಲರೆ ಉಳಿಸಿಕೊಂಡಾಗ ಆಗುವುದೇ ಇದು.

ಹಾಗಾಗಿ ಬುಗ್ಗೆಯ ನೀರೊಂದನ್ನೇ ತರಬೇಡಿ. ಪಕ್ಕದ ಸಮುದ್ರದ್ದೂ ಮೇಲಿನ ತಣ್ಣನೆ ತೊರೆಯದ್ದೂ ಬೇಕು. ಇಳಿತದ ಹೊತ್ತಿನಲ್ಲಿ ಒಮ್ಮೆ, ಭರತದಲ್ಲಿ ಒಮ್ಮೆ ತುಂಬಿಸಿ. ಕ್ಲೋರೈಡ್ ಏರಿಳಿದರೆ ಬೆರಕೆ ಅಲ್ಲೇ ಮೇಲ್ಪದರದಲ್ಲಿ ಆಗುತ್ತಿದೆ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಲೋಹದ ಅಯಾನುಗಳ ಬಾಟಲಿಗೆ ಶುದ್ಧ ನೈಟ್ರಿಕ್ ಆಮ್ಲದ ಹನಿ, ಕ್ಲೋರೈಡ್ ಬಾಟಲಿಗೆ ಏನೂ ಬೇಡ. ಸಿಲಿಕಾಕ್ಕೆಂದು ತೆಗೆದ ನೀರನ್ನು ಸ್ಥಳದಲ್ಲೇ ಹತ್ತು ಪಟ್ಟು ತೆಳುಗೊಳಿಸಿ, ಇಲ್ಲದಿದ್ದರೆ ತಣಿಯುತ್ತ ಬಾಟಲಿಯಲ್ಲೇ ಕಟ್ಟಿಕೊಳ್ಳುತ್ತದೆ. ಸಮುದ್ರದಲ್ಲಿ ಸಿಲಿಕಾ ಕಡಿಮೆಯಾದ್ದರಿಂದ ಬೆರಕೆ ನೀರಿನ ಕ್ವಾರ್ಟ್ಜ್ ಲೆಕ್ಕ (ಕರಗಿದ ಸಿಲಿಕಾದಿಂದ ಉಷ್ಣತೆ ಅಂದಾಜಿಸುವುದು) ಸಾಮಾನ್ಯವಾಗಿ ಕೆಳಕ್ಕೇ ಜಾರುತ್ತದೆ ಎಂಬುದೂ ನೆನಪಿರಲಿ.

ಉಪ್ಪೆಂದ ಮಾತ್ರಕ್ಕೆ ಕೈಬಿಡಬೇಕಿಲ್ಲ. ಕೆರಿಬಿಯನ್ನಿನ ಗ್ವಾಡೆಲೂಪ್‌ನ ಬುಯಾಂತ್‌ನಲ್ಲಿ ಆಳದ ನೀರು 250 ಡಿಗ್ರಿಯ ಆಸುಪಾಸಿನದು, ಅದರ ಅರ್ಧಕ್ಕೂ ಹೆಚ್ಚು ಮೂಲತಃ ಸಮುದ್ರದ್ದೇ. ಸುಮಾರು 15 ಮೆಗಾವ್ಯಾಟಿನ ಸ್ಥಾವರ ಅದರ ಮೇಲೆ ನಡೆದಿದೆ. ಅಲ್ಲಿ ಸಮುದ್ರ ಆಳಕ್ಕಿಳಿದು, ಬಿಸಿ ಬಂಡೆಗೆ ಮೆಗ್ನೀಸಿಯಂ ಒಪ್ಪಿಸಿ ಬಂದಿದೆ. ನಿಮ್ಮ ಬುಗ್ಗೆಯಲ್ಲಿ ಅದು ಕೊನೆಯ ಕೆಲವೇ ಮೀಟರುಗಳಲ್ಲಿ ನುಗ್ಗಿರಬಹುದು.

ಸಮುದ್ರದ ಪಾಲು ಕಳೆದ ಮೇಲೆ ಮೂಲ ಸೋಡಿಯಂನ ಹತ್ತನೇ ಒಂದರಷ್ಟೂ ಉಳಿಯದಿದ್ದರೆ ವರದಿಯಲ್ಲಿ ಡಿಗ್ರಿ ಬರೆಯಲೇಬೇಡಿ. ದ್ವೀಪದ ಮೇಲ್ಭಾಗದಲ್ಲಿ ಹಬೆರಂಧ್ರವಿದ್ದರೆ ಅಲ್ಲಿನ ಅನಿಲ ಹಿಡಿಯಿರಿ; ಇಲ್ಲವಾದರೆ ಉಷ್ಣತೆ ಅಳೆಯಲು ಸಣ್ಣ ವ್ಯಾಸದ ಪರೀಕ್ಷಾ ಬಾವಿಗೆ ಹಣ ಕೇಳಿ.