ಹಳೇ ಥಾರ್ ತಗೊಂಡಿದ್ದೀನಿ, ರೇಡಿಯೇಟರ್‌ಗೆ ಬೋರ್ ನೀರು ಸಾಕಲ್ವಾ?

ಪ್ರಶ್ನೆ: ಚಿಂತಾಮಣಿ ಹತ್ತಿರ ನಮ್ಮ ತೋಟ. 2012ರ ಡೀಸೆಲ್ ಥಾರ್, ಫೋರ್ ಬೈ ಫೋರ್, ಮೂರನೇ ಓನರ್ ಆಗಿ ತಗೊಂಡಿದ್ದೇನೆ. ಮಾರಿದವರು ‘ಎಲ್ಲಾ ಸರ್ವಿಸ್ ಆಗಿದೆ, ಡೀಸೆಲ್ ಹಾಕಿ ಓಡಿಸೋದಷ್ಟೇ’ ಅಂದರು. ಬಿಲ್ ಯಾವುದೂ ಇಲ್ಲ. ಮೊದಲು ಏನೇನು ಮಾಡಿಸಬೇಕು? ಕೂಲೆಂಟ್ ಎಲ್ಲಾ ಬೇಕಾ, ಬೋರ್ ನೀರು ಸಾಕಾ? ನಮ್ಮ ಕಡೆ ಹಿಮ ಬೀಳಲ್ಲವಲ್ಲ.

ಉತ್ತರ: ಥಾರ್ ಇದ್ದ ಕಡೆ ಜಿಪ್ಸಿ ಅಂತ ಬರೆಯಿರಿ, ಚಿಂತಾಮಣಿ ಇದ್ದ ಕಡೆ ಶ್ರೀನಿವಾಸಪುರ ಅಂತ ಬರೆಯಿರಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಆ ಹಿಮದ ಸಾಲನ್ನು ಮಾತ್ರ ಯಾರೂ ಬಿಡುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬಿಲ್ ಇಲ್ಲ ಅಂದರೆ ಸರ್ವಿಸ್ ಆಗಿಲ್ಲ ಅಂತಲೇ ಲೆಕ್ಕ. ಮಾರಿದವರು ಸುಳ್ಳು ಹೇಳಿದರು ಅನ್ನುತ್ತಿಲ್ಲ. ಬಹಳ ಜನರಿಗೆ ಸರ್ವಿಸ್ ಅಂದರೆ ಇಂಜಿನ್ ಆಯಿಲ್, ವಾಟರ್ ವಾಶ್, ಅಷ್ಟೇ. ಇವತ್ತು ಮೀಟರ್ ಎಷ್ಟು ತೋರಿಸುತ್ತಿದೆಯೋ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನು ಮುಂದಿನ ಲೆಕ್ಕ ಎಲ್ಲಾ ಅಲ್ಲಿಂದ.

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಇದರಲ್ಲಿ ಚರ್ಚೆಯೇ ಬೇಡ. ಏರ್ ಫಿಲ್ಟರನ್ನು ಟೈರಿಗೆ ಬಡಿದು ಮತ್ತೆ ಹಾಕಲು ಬಿಡಬೇಡಿ. ನಮ್ಮ ಕ್ವಾರಿ ರಸ್ತೆಗಳ ಧೂಳು ಅಂದರೆ ಕಲ್ಲಿನ ಪುಡಿ. ಬಡಿದಾಗ ಫಿಲ್ಟರಿನ ಕಾಗದ ಎಲ್ಲಾದರೂ ಹರಿದರೆ ಆ ಪುಡಿ ನೇರ ಇಂಜಿನ್ನಿಗೆ ಹೋಗುತ್ತದೆ.

ಇನ್ನು ಅಡಿಯ ಆಯಿಲ್‌ಗಳು. ಗೇರ್‌ಬಾಕ್ಸ್, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಹಿಂದಿನ ಹೌಸಿಂಗ್ (ಎರಡು ಚಕ್ರಗಳ ಮಧ್ಯದ ಗೇರ್ ಗೂಡು), ಮುಂದಿನ ಹೌಸಿಂಗ್, ಹೀಗೆ ನಾಲ್ಕು ಕಡೆ ಇದೆ. ಮುಂದಿನದನ್ನು ಎಲ್ಲರೂ ಮರೆಯುತ್ತಾರೆ. ಎಲ್ಲಿಗೆ ಯಾವ ಗ್ರೇಡ್ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ, ನಾಲ್ಕಕ್ಕೂ ಒಂದೇ ಡಬ್ಬದಿಂದ ಸುರಿಯಲು ಬಿಡಬೇಡಿ. ಕೆಳಗಿನ ನಟ್ ಬಿಚ್ಚುವ ಮೊದಲು ಮೇಲಿನ, ಆಯಿಲ್ ತುಂಬಿಸುವ ನಟ್ ಬಿಚ್ಚಲು ಬರುತ್ತದೆಯೇ ನೋಡಿ. ತುಕ್ಕು ಹಿಡಿದು ಅದು ಬರದೇ ಹೋದರೆ, ಆಯಿಲ್ ಖಾಲಿ ಮಾಡಿಕೊಂಡ ಗಾಡಿ ಗ್ಯಾರೇಜಿನಲ್ಲೇ ಕೂರುತ್ತದೆ.

ಹೊರಗೆ ಬಂದ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಆಗ ಹೌಸಿಂಗ್ ಮೇಲಿರುವ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ, ನೋಡಿಸಿ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದ ತಕ್ಷಣ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಗಾಳಿಯ ಬದಲು ಸೀಲ್ ಸಂದಿಯಿಂದ ನೀರು ಒಳಗೆ ಬರುತ್ತದೆ. ಹೊಸ ಸೀಲ್ ಹಾಕಿಸಿ ಬ್ರೀದರ್ ಹಾಗೇ ಬಿಟ್ಟರೆ ದುಡ್ಡು ದಂಡ.

ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ (ಅದರ ತುದಿಯ ಕೀಲುಗಳಿಗೆ) ಗ್ರೀಸ್ ನಿಪ್ಪಲ್ ಇದ್ದರೆ, ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಹೊಡೆಸಿ. ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ, ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ನಂದಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾದರೆ ಇದೂ ಒಂದು ಕಾರಣ.

ಈಗ ಹಿಮಕ್ಕೆ ಬರೋಣ.

‘ಕೂಲೆಂಟ್ ಕಾಶ್ಮೀರದವರಿಗೆ, ನಮಗೆ ನೀರು ಸಾಕು’ ಅನ್ನುವ ಮಾತು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೇರೂರಿಬಿಟ್ಟಿದೆ. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ನೀರು ಬೆರೆಸದ ಗಟ್ಟಿ ಕೂಲೆಂಟ್ ಅಂದರೆ ಹೆಚ್ಚಾಗಿ ಎಥಿಲಿನ್ ಗ್ಲೈಕಾಲ್. ಅರ್ಧ ಅದು, ಅರ್ಧ ನೀರು ಸೇರಿಸಿದರೆ ಹೆಚ್ಚೂಕಮ್ಮಿ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟಲ್ಲ. ಆ ಗುಣ ಚಿಂತಾಮಣಿಗೆ ಬೇಡ, ಒಪ್ಪಿದೆ. ಆದರೆ ಅದೇ ಡಬ್ಬದಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಇವೆ. ಕುದಿಯುವ ಮಟ್ಟವನ್ನೂ ಅದು ಮೇಲೇರಿಸುತ್ತದೆ. ನಾವು ದುಡ್ಡು ಕೊಡುವುದು ಈ ಎರಡಕ್ಕೆ.

ಮೊದಲು ನೀರಿನ ಗುಣ ನೋಡಿ. ನಿಮ್ಮ ಬೋರ್ ಎಷ್ಟು ಅಡಿ? ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ಗಳಿಗೆ ಲೆಕ್ಕವಿಲ್ಲ. ಅಷ್ಟು ಆಳದ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಫ್ಲೋರೈಡ್ ಎಲ್ಲಾ ಕರಗಿರುತ್ತದೆ. ನಿಮ್ಮ ಮನೆಯ ಗೀಸರ್ ಕಾಯಿಲ್ ಬಿಚ್ಚಿ ನೋಡಿದ್ದೀರಾ? ಅದರ ಮೇಲಿನ ಬಿಳಿ ಗಾರೆಯಂಥ ಪದರವೇ ನಿಮ್ಮ ಇಂಜಿನ್ನಿನ ನೀರಿನ ದಾರಿಯಲ್ಲೂ ಕೂರುತ್ತದೆ. ನೀರು ಆವಿಯಾಗಿ ಹೋದಾಗ ಉಪ್ಪು ಒಳಗೇ ಉಳಿಯುತ್ತದೆ. ನೀವು ಮತ್ತೆ ಬೋರ್ ನೀರು ಸುರಿಯುತ್ತೀರಿ, ಮತ್ತಷ್ಟು ಉಪ್ಪು ಸೇರುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳು ಒಂದೊಂದೇ ಕಟ್ಟಿಕೊಳ್ಳುತ್ತವೆ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲ್ಲ. ಕೆರೆ ಅಂಗಳದ ಮರಳಿನಲ್ಲಿ ಲೋ ಗೇರ್ ಹಾಕಿ ಹತ್ತು ನಿಮಿಷ ಎಳೆಸಿದಾಗ ಸೂಜಿ ಕೆಂಪಿಗೆ ಹತ್ತುತ್ತದೆ.

ಆಗ ಬರುತ್ತದೆ ನೋಡಿ ಅಜ್ಜನ ಜೀಪಿನ ಕತೆ. ‘ನಮ್ಮಜ್ಜನ ಜೀಪು ಮೂವತ್ತು ವರ್ಷ ಬರೀ ನೀರಲ್ಲೇ ಓಡಿತು.’ ಓಡಿರಬಹುದು ಸ್ವಾಮಿ, ಬೇಡ ಅಂದವರಾರು? ಆದರೆ ಅಜ್ಜ ಹಾಕಿದ್ದು ಕೆರೆ ನೀರು, ತೆರೆದ ಬಾವಿ ನೀರು. ಅದರಲ್ಲಿ ಮಳೆ ನೀರಿನ ಪಾಲು ಜಾಸ್ತಿ, ಉಪ್ಪು ಕಮ್ಮಿ. ಆ ಜೀಪಿನ ರೇಡಿಯೇಟರ್ ತಾಮ್ರ, ಹಿತ್ತಾಳೆಯದು, ಇಂಜಿನ್ ಎರಕದ ಕಬ್ಬಿಣ. ಕಟ್ಟಿಕೊಂಡರೆ ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಕಡ್ಡಿ ತೂರಿಸಿ, ಮತ್ತೆ ಬೆಸುಗೆ ಹಾಕಿ ಕೊಡುತ್ತಿದ್ದರು. ಈಗ ಬಹಳಷ್ಟು ಗಾಡಿಗಳಲ್ಲಿ ರೇಡಿಯೇಟರ್ ಅಲ್ಯೂಮಿನಿಯಂ, ಅದರ ಟ್ಯಾಂಕ್ ಪ್ಲಾಸ್ಟಿಕ್. ಜಿಪ್ಸಿಯ 1.3 ಲೀಟರ್ ಇಂಜಿನ್ನಿನ ಬ್ಲಾಕೇ ಅಲ್ಯೂಮಿನಿಯಂ. ಉಪ್ಪು ನೀರಿಗೆ ಅಲ್ಯೂಮಿನಿಯಂ ಒಳಗೊಳಗೇ ತೂತಾಗುತ್ತದೆ. ಅಜ್ಜನ ನೀರೂ ಇಲ್ಲ, ಅಜ್ಜನ ಲೋಹವೂ ಇಲ್ಲ. ಉಳಿದಿರುವುದು ಅಜ್ಜನ ಮಾತು ಮಾತ್ರ.

ಇನ್ನು ಕೆಲವರು ಬುದ್ಧಿವಂತರು. ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರು ಹಾಕುತ್ತಾರೆ. ಬೋರ್ ನೀರಿಗಿಂತ ಎಷ್ಟೋ ವಾಸಿ, ಗಾರೆ ಕಟ್ಟುವುದು ಕಮ್ಮಿ. ಆದರೆ ಅದರಲ್ಲಿ ತುಕ್ಕು ತಡೆಯುವುದೇನೂ ಇಲ್ಲ. ಹಳೇ ಡೀಸೆಲ್ ಇಂಜಿನ್ನುಗಳಲ್ಲಿ ಇನ್ನೊಂದು ತೊಂದರೆ ಇದೆ. ಎಷ್ಟೋ ಇಂಜಿನ್ನುಗಳಲ್ಲಿ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಹೊರಮೈಗೆ ನೀರು ನೇರವಾಗಿ ತಾಗುತ್ತದೆ. ಪ್ರತಿ ಹೊಡೆತಕ್ಕೂ ಲೈನರ್ ಅದುರುತ್ತದೆ, ಅದರ ಮೈಮೇಲೆ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆದ ಕಡೆ ಲೋಹ ಚೂರುಚೂರೇ ಕಿತ್ತು ಬರುತ್ತದೆ. ಇದನ್ನು ತಡೆಯುವ ರಕ್ಷಣಾ ಪದರ ಕೊಡುವುದು ಕೂಲೆಂಟಿನ ರಾಸಾಯನಿಕಗಳು. ಬರೀ ನೀರಿಗೆ ಆ ಶಕ್ತಿ ಇಲ್ಲ, ಎಷ್ಟೇ ಶುದ್ಧವಾಗಿರಲಿ.

ಕುದಿಯುವ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎತ್ತರ ಹೆಚ್ಚಾದಂತೆ ನೀರು ಬೇಗ ಕುದಿಯುತ್ತದೆ. ಚಿಕ್ಕಬಳ್ಳಾಪುರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ, 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ಸುಮಾರು 95ಕ್ಕೆ ಕುದಿಯುತ್ತದೆ. ರೇಡಿಯೇಟರ್ ಒಳಗೆ ಅಷ್ಟು ಬೇಗ ಕುದಿಯದಿರುವುದು ಮುಚ್ಚಳ ಒತ್ತಡ ಹಿಡಿದಿಡುವುದರಿಂದ. 0.9 ಬಾರ್‌ನ ಮುಚ್ಚಳ ಸರಿಯಿದ್ದರೆ 115 ಡಿಗ್ರಿವರೆಗೂ ಚಿಂತೆಯಿಲ್ಲ, ಕೂಲೆಂಟ್ ಸೇರಿದರೆ ಅದಕ್ಕಿಂತ ಮೇಲೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ಆದ್ದರಿಂದ ಮುಚ್ಚಳ ಹೊಸದು ಹಾಕಿ. ಬಿಸಿ ಇದ್ದಾಗ ಮಾತ್ರ ಅದನ್ನು ತೆಗೆಯಬೇಡಿ, ಮುಖ ಬೆಂದೀತು.

‘ಕೂಲೆಂಟ್ ಹಾಕಿದ ಮೇಲೇ ಲೀಕ್ ಶುರುವಾಯ್ತು’ ಅನ್ನುವವರಿಗೂ ಉತ್ತರ ಇದೆ. ತೂತು ಮೊದಲೇ ಇತ್ತು, ಗಾರೆ ಅದನ್ನು ಮುಚ್ಚಿತ್ತು. ಕೂಲೆಂಟ್ ಬಂದು ಅದನ್ನು ತೊಳೆದು ತೋರಿಸಿತು. ಅದರ ಮೇಲೆ ಕೋಪ ಯಾಕೆ?

ಮಾಡಿಸುವ ಕ್ರಮ ಹೀಗೆ. ಇಂಜಿನ್ ತಣ್ಣಗಿರಲಿ, ಹೀಟರ್ ಬಿಸಿ ಕಡೆಗಿರಲಿ. ರೇಡಿಯೇಟರ್ ಕೆಳಗಿನಿಂದ ಮಾತ್ರ ಅಲ್ಲ, ಬ್ಲಾಕಿನ ಡ್ರೈನ್ ನಟ್‌ನಿಂದಲೂ ನೀರು ಬಿಡಿಸಿ. ತಿಳಿಯಾಗಿ ಬರುವವರೆಗೆ ತೊಳೆಸಿ, ಕೊನೆಯ ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ. ಹೋಸ್‌ಗಳನ್ನು ಒತ್ತಿ ನೋಡಿ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಪುಸ್ತಕ ಹೇಳುವ ಬಗೆಯ ಕೂಲೆಂಟ್ ಹಾಕಿ, ಗಾಳಿ ಹೊರಗೆ ಹೋಗಲು ಬಿಡಿ, ಎರಡು ದಿನದ ಮೇಲೆ ಮಟ್ಟ ಮತ್ತೆ ನೋಡಿ. ಹಸಿರು, ಕೆಂಪು ಅಂತ ಬಣ್ಣ ನೋಡಿ ಬೆರೆಸಬೇಡಿ, ಬಣ್ಣ ಕಂಪನಿಯವರ ಇಷ್ಟ. ಗಟ್ಟಿ ಕೂಲೆಂಟನ್ನು ನೀರು ಬೆರೆಸದೆ ಸುರಿಯುವುದೂ ತಪ್ಪು, ಅದು ಶಾಖವನ್ನು ನೀರಿನಷ್ಟು ಚೆನ್ನಾಗಿ ಒಯ್ಯಲ್ಲ. ಬಿಡಿಸಿದ ಹಳೆಯದನ್ನು ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯಾಗಿರುತ್ತೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಮೆಕ್ಯಾನಿಕ್ ‘ಥರ್ಮೋಸ್ಟಾಟ್ ತೆಗೆದುಬಿಡ್ತೀನಿ, ಗಾಡಿ ತಂಪಾಗಿರುತ್ತೆ’ ಅಂದರೆ ಬೇಡ ಅನ್ನಿ. ಇಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವುದು ಅದೇ. ತಣ್ಣಗೆ ಓಡುವ ಡೀಸೆಲ್ ಇಂಜಿನ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೋರ್ ಬೈ ಫೋರ್ ಲಿವರ್ ಎಳೆದು ನೋಡಿದ್ದೀರಾ? ಹಿಂದಿನ ಓನರ್ ವರ್ಷಗಟ್ಟಲೆ ಮುಟ್ಟಿರದಿದ್ದರೆ ಅದು ಬಿಗಿದುಕೊಂಡಿರುತ್ತದೆ. ‘ಬಳಸಿದರೆ ಸವೆಯುತ್ತೆ’ ಅಂತ ಕಾಪಾಡುವವರಿದ್ದಾರೆ. ಬಳಸದಿದ್ದರೂ ಹಾಳಾಗುತ್ತದೆ. ತಿಂಗಳಿಗೊಮ್ಮೆ ತೋಟದ ಮಣ್ಣಿನ ದಾರಿಯಲ್ಲಿ ಹಾಕಿ, ಎರಡು ಮೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ. ಮುಂದಿನ ಹೌಸಿಂಗಿಗೂ ಆಯಿಲ್ ಹತ್ತುತ್ತದೆ.

ಡಾಂಬರ್ ಮೇಲೆ ಮಾತ್ರ ಬೇಡ. ನಿಮ್ಮ ಥಾರ್‌ನಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳ ಮಧ್ಯೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮಣ್ಣಾದರೆ ಚಕ್ರ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಆಗದೆ ಆ ಬಿಗಿತ ಎಲ್ಲಾ ಶಾಫ್ಟ್, ಕ್ರಾಸ್, ಗೇರ್‌ಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ ವಾಪಸ್ ಟೂ ವೀಲ್‌ಗೆ ಬರಲ್ಲ. ಹಾಗಾದಾಗ ಕಾಲಿನಿಂದ ಒದೆಯಬೇಡಿ. ಸ್ಟೀರಿಂಗ್ ನೇರ ಇಟ್ಟು ಸ್ವಲ್ಪ ದೂರ ರಿವರ್ಸ್ ಹೋಗಿ, ಬಿಗಿತ ಬಿಟ್ಟು ಲಿವರ್ ಸಲೀಸಾಗಿ ಬರುತ್ತದೆ.